ಹತ್ತು ಕ್ವಿಂಟಲ್ ಹತ್ತಿಗೆ ಒಂದು ಕಾರ್ಡು!

ರಾಯಚೂರು ಸೀಮೆಯಲ್ಲಿ ದುಡ್ಡಿನ ಲೆಕ್ಕ ಹೇಳುವುದಾದರೆ ಹತ್ತಿಯಲ್ಲೇ ಹೇಳಬೇಕು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಉದ್ದ ಎಳೆಯ ಹತ್ತಿಗೆ ಗೊತ್ತುಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ಎನ್‌ವಿಡಿಯಾ ಕಂಪನಿ 2025ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬಿಟ್ಟ ‘ಆರ್‌ಟಿಎಕ್ಸ್ 5070 ಟಿಐ’ ಎಂಬ ಗ್ರಾಫಿಕ್ಸ್ ಕಾರ್ಡಿಗೆ ನಮ್ಮ ದೇಶದಲ್ಲಿ ಹೇಳಿದ ಆರಂಭಿಕ ಬೆಲೆ 80 ಸಾವಿರ ರೂಪಾಯಿ. ಅಂದರೆ, ಹತ್ತು ಕ್ವಿಂಟಲ್ ಹತ್ತಿ ಬಿಡಿಸಿ, ಚೀಲಕ್ಕೆ ತುಂಬಿ, ಮಾರುಕಟ್ಟೆಗೆ ಸಾಗಿಸಿ ಕೈಗೆ ಬಂದ ಹಣವೆಲ್ಲ ಒಂದು ಕಾರ್ಡಿಗೆ ಸಮ. ಅದೂ ಬರೀ ಕಾರ್ಡು. ಅದನ್ನು ಕೂರಿಸುವ ಕಂಪ್ಯೂಟರ್ ಬೇರೆ!

ರಾಯಚೂರು ತಾಲ್ಲೂಕಿನ ಗುಂಜಹಳ್ಳಿಯಂಥ ಊರಿನ ಮನೆಯಲ್ಲೂ ಇಂದು ಈ ಮಾತು ಏಳಬಹುದು. ‘ಪಿಯುಸಿಯಲ್ಲಿ ಒಳ್ಳೆಯ ಅಂಕ ತಂದರೆ ಕಂಪ್ಯೂಟರ್ ಕೊಡಿಸುತ್ತೇನೆ’ ಎಂದು ಅಪ್ಪ ಮಾತು ಕೊಟ್ಟಿರುತ್ತಾನೆ. ಮಗ ಅಂಕ ತರುತ್ತಾನೆ. ಆಮೇಲೆ ಒಂದು ಪಟ್ಟಿಯನ್ನೂ ತರುತ್ತಾನೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ಸಾಲಿನಲ್ಲಿ ಎರಡು ಹೆಸರುಗಳಿರುತ್ತವೆ. ಒಂದು ಮೇಲೆ ಹೇಳಿದ 5070 ಟಿಐ. ಇನ್ನೊಂದು ಎಎಂಡಿ ಕಂಪನಿಯ ‘ರೇಡಿಯಾನ್ ಆರ್‌ಎಕ್ಸ್ 9070 ಎಕ್ಸ್‌ಟಿ’. ಇವೆರಡರಲ್ಲಿ ಯಾವುದು ಎಂಬುದು ಮಗನ ಪ್ರಶ್ನೆ. ಇದು ಬೇಕೇ ಎಂಬುದು ಅಪ್ಪನ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಮಾತ್ರ ಇಬ್ಬರೂ ಹುಡುಕುವ ಜಾಗದಲ್ಲಿ ಇಲ್ಲ. ಅದು ಅಂಗಡಿಯ ಗಾಜಿನ ಕಪಾಟಿಗಿಂತ ಮನೆಯ ಮೀಟರ್ ಪೆಟ್ಟಿಗೆಯಲ್ಲಿ, ಮೇ ತಿಂಗಳ ಸೆಕೆಯಲ್ಲಿ ಮತ್ತು ಹುಡುಗ ಮುಂದೆ ಏನು ಓದುತ್ತಾನೆ ಎಂಬುದರಲ್ಲಿ ಇದೆ.

ಏನಿದು ಕಾರ್ಡು?

ಕಂಪ್ಯೂಟರಿನ ಮುಖ್ಯ ಮಿದುಳು, ಅಂದರೆ ಪ್ರೊಸೆಸರ್, ಜಾಣ ಗುಮಾಸ್ತನಿದ್ದಂತೆ. ಎಂಥ ಜಟಿಲ ಲೆಕ್ಕವನ್ನೂ ಮಾಡಬಲ್ಲ. ಆದರೆ ಒಂದಾದ ಮೇಲೊಂದರಂತೆ ಮಾಡುತ್ತಾನೆ. ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸ ಅಂಥದ್ದಲ್ಲ. ಅಲ್ಲಿ ಲಕ್ಷಗಟ್ಟಲೆ ಚುಕ್ಕಿಗಳಿಗೆ ಏಕಕಾಲದಲ್ಲಿ ಬಣ್ಣ ಹಚ್ಚಬೇಕು. ಲೆಕ್ಕ ಸುಲಭ, ಸಂಖ್ಯೆ ಅಪಾರ. ಇದು ಹತ್ತಿ ಬಿಡಿಸುವ ಕೆಲಸದ ಹಾಗೆ. ಒಬ್ಬ ಪಂಡಿತನಿಗಿಂತ ನೂರು ಆಳು ಮೇಲು. ಅಂಥ ಸಾವಿರಾರು ಆಳುಗಳ ಪಡೆಯೇ ಗ್ರಾಫಿಕ್ಸ್ ಕಾರ್ಡು. 5070 ಟಿಐಯಲ್ಲಿ ಅಂಥ 8,960 ಪುಟ್ಟ ಲೆಕ್ಕಿಗರಿದ್ದಾರೆ. 9070 ಎಕ್ಸ್‌ಟಿಯಲ್ಲಿ 4,096. ಎರಡು ಕಂಪನಿಗಳು ಎಣಿಸುವ ರೀತಿ ಬೇರೆ ಬೇರೆ. ಆದ್ದರಿಂದ ಈ ಅಂಕಿಗಳನ್ನು ಎದುರುಬದುರು ಇಟ್ಟು ‘ಅದು ಇದರ ಎರಡು ಪಟ್ಟು’ ಎನ್ನುವ ಮಾರಾಟಗಾರನ ಮಾತು ನಂಬಬೇಡಿ.

ಎನ್‌ವಿಡಿಯಾ 1993ರಲ್ಲಿ ಹುಟ್ಟಿದ ಕಂಪನಿ. ಎಎಂಡಿ ಈ ಕಣಕ್ಕೆ ಇಳಿದದ್ದು 2006ರಲ್ಲಿ, ಕೆನಡಾದ ಎಟಿಐ ಕಂಪನಿಯನ್ನು 540 ಕೋಟಿ ಡಾಲರ್‌ಗೆ ಕೊಂಡು. ಇವರಿಬ್ಬರ ಜಗಳ ಹುಡುಗರ ಮಧ್ಯೆ ಪಂಗಡ ಕಟ್ಟಿಸುವಷ್ಟು ಜೋರು. ತಮಾಷೆಯೆಂದರೆ ಎನ್‌ವಿಡಿಯಾದ ಜೆನ್ಸನ್ ಹುವಾಂಗ್, ಎಎಂಡಿಯ ಲೀಸಾ ಸು ಇಬ್ಬರೂ ತೈವಾನ್ ಮೂಲದವರು. ದೂರದ ಸಂಬಂಧಿಗಳು ಕೂಡ. ಎರಡೂ ಕಾರ್ಡುಗಳ ಚಿಪ್ ತಯಾರಾಗುವುದು ತೈವಾನಿನ ಒಂದೇ ಕಂಪನಿ ಟಿಎಸ್‌ಎಂಸಿಯಲ್ಲಿ. ಒಂದರಲ್ಲಿ 4,560 ಕೋಟಿ ಟ್ರಾನ್ಸಿಸ್ಟರ್, ಮತ್ತೊಂದರಲ್ಲಿ 5,390 ಕೋಟಿ. ಎರಡೂ ಕಂಪನಿಗಳಿಗೆ ನಮ್ಮ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರಗಳಿವೆ. ಎಎಂಡಿ 2023ರ ನವೆಂಬರಿನಲ್ಲಿ ಅಲ್ಲಿ ತೆರೆದ ಕೇಂದ್ರ ಆ ಕಂಪನಿಗೆ ಜಗತ್ತಿನಲ್ಲೇ ದೊಡ್ಡದು. ಹಾಗಾಗಿ ‘ನಮ್ಮದು’ ‘ಅವರದು’ ಎಂಬ ಪಕ್ಷಪಾತಕ್ಕೆ ಇಲ್ಲಿ ಕಾರಣವಿಲ್ಲ.

ಪಾಲಕರಿಗೆ ಇನ್ನೊಂದು ಮಾತು. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್‌ಗಳಿಗೂ ಈ ಕಾರ್ಡಿಗೂ ಸಂಬಂಧವಿಲ್ಲ. ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನು ಪ್ರತ್ಯೇಕವಾಗಿ ಗುರುತಿಸಿದೆ. ‘ಗೇಮಿಂಗ್’ ಎಂಬ ಪದ ಕೇಳಿದೊಡನೆ ಹೌಹಾರುವುದು ಬೇಡ. ಹೊತ್ತು ಹಾಳಾಗುವುದಿಲ್ಲವೇ ಎಂದರೆ, ಆಗುತ್ತದೆ. ಅದು ಟಿ.ವಿ.ಯಿಂದಲೂ ಆಗುತ್ತಿತ್ತು.

ಎರಡರ ತೂಕ

ಈಗ ಎರಡನ್ನೂ ತಕ್ಕಡಿಗೆ ಹಾಕೋಣ. ಎರಡರಲ್ಲೂ 16 ಜಿಬಿ ಮೆಮೊರಿ ಇದೆ. 5070 ಟಿಐಯದು ಹೊಸ ತಲೆಮಾರಿನ ಜಿಡಿಡಿಆರ್7, ಸೆಕೆಂಡಿಗೆ 896 ಜಿಬಿ ಮಾಹಿತಿ ಸಾಗಿಸಬಲ್ಲದು. 9070 ಎಕ್ಸ್‌ಟಿಯದು ಹಿಂದಿನ ಜಿಡಿಡಿಆರ್6, ಸೆಕೆಂಡಿಗೆ 640 ಜಿಬಿ. ವಿದ್ಯುತ್ ಬಳಕೆ ಒಂದರದು 300 ವ್ಯಾಟ್, ಇನ್ನೊಂದರದು 304. ಎರಡಕ್ಕೂ ಕಂಪನಿಗಳು ಸೂಚಿಸುವ ಪವರ್ ಸಪ್ಲೈ 750 ವ್ಯಾಟ್. ಇಷ್ಟರ ಮಟ್ಟಿಗೆ ಅವಳಿ ಜವಳಿ.

ವ್ಯತ್ಯಾಸ ಬೆಲೆಯಲ್ಲಿದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಒಂದಕ್ಕೆ 749 ಡಾಲರ್, ಇನ್ನೊಂದಕ್ಕೆ 599 ಡಾಲರ್ ಎಂದು ಸಾರಲಾಗಿತ್ತು. ಈ 150 ಡಾಲರಿನ ಅಂತರವನ್ನು ಆಗಿನ ವಿನಿಮಯ ದರದಲ್ಲಿ ರೂಪಾಯಿ ಮಾಡಿ, ನಮ್ಮ ಶೇಕಡಾ 18ರ ಜಿಎಸ್‌ಟಿ ಸೇರಿಸಿದರೆ ಸುಮಾರು 15 ಸಾವಿರ ರೂಪಾಯಿ ಆಗುತ್ತದೆ. ಅಂಗಡಿಯ ಬೆಲೆ ದಿನಕ್ಕೊಂದು ಬಗೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡಿದ್ದರಿಂದ ಕಂಪ್ಯೂಟರ್ ಬಿಡಿಭಾಗಗಳ ಬೆಲೆ ಏರಿತು. ಆದ್ದರಿಂದ ಕೊಳ್ಳುವ ದಿನ ಎರಡರ ಅಂತರ ಎಷ್ಟಿದೆ ಎಂಬುದನ್ನು ನೀವೇ ನೋಡಬೇಕು.

ಈ ಅಂತರಕ್ಕೆ ಸಿಗುವುದೇನು? ಸಾಮಾನ್ಯ ಆಟಗಳಲ್ಲಿ 5070 ಟಿಐ ನೂರಕ್ಕೆ ಐದಾರರಷ್ಟು ಮುಂದೆ. ಒಂದು ಸೆಕೆಂಡಿಗೆ 100 ಚಿತ್ರ ಬರುವ ಕಡೆ 105 ಬರುತ್ತವೆ. ಇದನ್ನು ಬರಿಗಣ್ಣಿನಲ್ಲಿ ಗುರುತಿಸಬಲ್ಲೆ ಎಂಬ ಹುಡುಗನಿದ್ದರೆ ಅವನನ್ನು ಕ್ರಿಕೆಟ್ ಅಂಪೈರ್ ಮಾಡುವುದು ಒಳಿತು. ಬೆಳಕು ನೆರಳುಗಳನ್ನು ನಿಜದ ಹಾಗೆ ಲೆಕ್ಕ ಹಾಕುವ ‘ರೇ ಟ್ರೇಸಿಂಗ್’ ಬಂದಾಗ ಅಂತರ ಹಿಗ್ಗುತ್ತದೆ. ‘ಸೈಬರ್‌ಪಂಕ್ 2077’, ‘ಅಲನ್ ವೇಕ್ 2’ ಮುಂತಾದ ಆಟಗಳಲ್ಲಿ ಆ ಸೌಲಭ್ಯವನ್ನು ಪೂರ್ತಿ ತೆರೆದರೆ ಎನ್‌ವಿಡಿಯಾ ಕಾರ್ಡು ಬಹಳ ಮುಂದೆ ಹೋಗುತ್ತದೆ.

ಚಿತ್ರವನ್ನು ಚಿಕ್ಕದಾಗಿ ಬರೆದು, ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸಿ ತೋರಿಸುವ ಉಪಾಯ ಎರಡು ಕಂಪನಿಗಳಲ್ಲೂ ಇದೆ. ಎನ್‌ವಿಡಿಯಾದಲ್ಲಿ ಅದರ ಹೆಸರು ಡಿಎಲ್‌ಎಸ್‌ಎಸ್, ಎಎಂಡಿಯಲ್ಲಿ ಎಫ್‌ಎಸ್‌ಆರ್. ಎಫ್‌ಎಸ್‌ಆರ್‌ನ 4ನೇ ಆವೃತ್ತಿ ಈ 9070 ಸರಣಿಯೊಂದಿಗೇ ಬಂತು. ಹಿಂದಿನದಕ್ಕಿಂತ ಎಷ್ಟೋ ಮೇಲು. ಆದರೂ ಡಿಎಲ್‌ಎಸ್‌ಎಸ್ ಹೊಂದಿರುವ ಆಟಗಳ ಸಂಖ್ಯೆ ಹೆಚ್ಚು.

ಇಲ್ಲಿ ಮಾನಿಟರಿನ ಮಾತು ಬರಬೇಕು. ಏಕೆಂದರೆ ಪಟ್ಟಿ ಬರೆಯುವಾಗ ಹುಡುಗರು ಅದನ್ನು ಮರೆಯುತ್ತಾರೆ. ಎಂಬತ್ತು ಸಾವಿರದ ಕಾರ್ಡು ಕೊಂಡು, ಹಳೆಯ 1080 ರೇಖೆಗಳ, ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವ ಮಾನಿಟರಿಗೆ ಜೋಡಿಸಿದರೆ ಅದು ಕೋಣನ ಮುಂದೆ ಕಿನ್ನರಿ ನುಡಿಸಿದಂತೆ. ಕಾರ್ಡು 150 ಚಿತ್ರ ಬರೆದರೂ ಪರದೆ ತೋರಿಸುವುದು 60 ಮಾತ್ರ. ಈ ದರ್ಜೆಯ ಕಾರ್ಡಿಗೆ 1440 ರೇಖೆಗಳ, 144 ಹರ್ಟ್ಸ್ ಅಥವಾ ಹೆಚ್ಚಿನ ಮಾನಿಟರ್ ಬೇಕು. ಅದಕ್ಕೆ ಹಣವಿಲ್ಲದಿದ್ದರೆ ಕಾರ್ಡಿನ ದರ್ಜೆಯನ್ನೇ ಇಳಿಸುವುದು ವಿವೇಕ. ಇದೇ ಎರಡು ಕಂಪನಿಗಳ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ 2025ರಲ್ಲೇ ಬಂದವು. ಅವುಗಳಲ್ಲೂ 16 ಜಿಬಿ ಮಾದರಿಗಳಿವೆ. ಸಾರಿದ ಬೆಲೆ 429 ಮತ್ತು 349 ಡಾಲರ್. ವಿದ್ಯುತ್ ಬಳಕೆ 180 ಮತ್ತು 160 ವ್ಯಾಟ್. ಹಳೆಯ ಮಾನಿಟರಿಗೆ ಇವೇ ಸಾಕು ಮತ್ತು ಸಾಕಷ್ಟು.

ಕರೆಂಟಿನ ನಾಡಿನಲ್ಲಿ ಕರೆಂಟಿನ ಚಿಂತೆ

ರಾಯಚೂರು ಜಿಲ್ಲೆ ಇಡೀ ರಾಜ್ಯಕ್ಕೆ ಬೆಳಕು ಕೊಡುವ ಜಿಲ್ಲೆ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಅದರ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಯರಮರಸ್‌ನಲ್ಲಿ ಇನ್ನೂ 1,600 ಮೆಗಾವ್ಯಾಟ್. ಅಷ್ಟೇ ಅಲ್ಲ, 2013ರ ಡಿಸೆಂಬರ್ 31ರಂದು ದಕ್ಷಿಣ ಭಾರತದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದಾದದ್ದು ರಾಯಚೂರು-ಸೋಲಾಪುರ ಮಾರ್ಗದ ಮೂಲಕ. ಇಷ್ಟಾದರೂ ಬೇಸಿಗೆಯಲ್ಲಿ ಈ ಸೀಮೆಯ ಹಳ್ಳಿಯ ಮನೆಯಲ್ಲಿ ಬಲ್ಬು ಮಿಣುಕುವುದು ತಪ್ಪಿಲ್ಲ. ದೀಪದ ಕೆಳಗೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಪ್ರತ್ಯೇಕ ಮಾರ್ಗ ಎಳೆದ ‘ನಿರಂತರ ಜ್ಯೋತಿ’ ಯೋಜನೆಯ ನಂತರ ಪರಿಸ್ಥಿತಿ ಸುಧಾರಿಸಿದೆ, ನಿಜ. ಆದರೆ 300 ವ್ಯಾಟಿನ ಸೂಕ್ಷ್ಮ ಯಂತ್ರಕ್ಕೆ ಆ ಸುಧಾರಣೆ ಸಾಲದು.

ಮೊದಲು ಯುಪಿಎಸ್. ಸಾಮಾನ್ಯ ಮನೆ ಕಂಪ್ಯೂಟರಿಗೆ ಜನ ಕೊಳ್ಳುವುದು 600 ವಿಎ ಯುಪಿಎಸ್. ಪೆಟ್ಟಿಗೆಯ ಮೇಲೆ 600 ಎಂದಿದ್ದರೂ ಅದು ತಡೆದುಕೊಳ್ಳುವುದು 360 ವ್ಯಾಟಿನ ಆಸುಪಾಸು ಮಾತ್ರ. ಈ ಕಾರ್ಡುಗಳಿರುವ ಕಂಪ್ಯೂಟರ್ ಆಟದ ಹೊತ್ತಿನಲ್ಲಿ ಮಾನಿಟರ್ ಸೇರಿ 450ರಿಂದ 500 ವ್ಯಾಟ್ ಎಳೆಯುತ್ತದೆ. ಕ್ಷಣಾರ್ಧದ ಏರುಗಳು ಇನ್ನೂ ಹೆಚ್ಚು. ಕರೆಂಟು ಹೋದ ಆ ಕ್ಷಣವೇ ಯುಪಿಎಸ್ ‘ಟಿಕ್’ ಎಂದು ಕೈಚೆಲ್ಲುತ್ತದೆ. ಯುಪಿಎಸ್ ಇದ್ದೂ ಇಲ್ಲದಂತೆ. ಕನಿಷ್ಠ 900 ವ್ಯಾಟ್ ತಾಳುವ, ಅಂದರೆ ಸಾಮಾನ್ಯವಾಗಿ 1,500 ವಿಎ ದರ್ಜೆಯದು ಬೇಕು. ಅದರ ಅಲೆ ‘ಪ್ಯೂರ್ ಸೈನ್’ ಆಗಿರುವುದು ಉತ್ತಮ. ಮನೆಯ ಫ್ಯಾನು, ದೀಪಗಳಿಗೆ ಹಾಕಿಸಿದ ಹಳೆಯ ಚೌಕ ಅಲೆಯ ಇನ್ವರ್ಟರಿಗೆ ಇಂಥ ಕಂಪ್ಯೂಟರನ್ನು ಸಿಕ್ಕಿಸಲೇ ಬಾರದು.

ಎರಡನೆಯದು ಅರ್ಥಿಂಗ್. ಮೂರು ರಂಧ್ರದ ಸಾಕೆಟ್ ಇದ್ದ ಮಾತ್ರಕ್ಕೆ ಮೂರನೆಯ ರಂಧ್ರಕ್ಕೆ ತಂತಿ ಬಂದಿರುತ್ತದೆ ಎಂದಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಅದು ಬಂದಿಲ್ಲ ಎಂದೇ ತಿಳಿಯಿರಿ. ಲೈನ್‌ಮನ್ ಅಲ್ಲದಿದ್ದರೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಕಾರ್ಡು ಕೊಳ್ಳುವ ಮೊದಲೇ ಈ ಕೆಲಸ ಮುಗಿಸಬೇಕು.

ಇನ್ನು ಬಿಲ್ಲು. ದಿನಕ್ಕೆ ನಾಲ್ಕು ಗಂಟೆ ಆಡಿದರೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ಮೇಲ್ನೋಟಕ್ಕೆ ಇದು ದೊಡ್ಡದಲ್ಲ. ಆದರೆ ಇಲ್ಲೊಂದು ತೊಡಕಿದೆ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆಗೊಂಡ ‘ಗೃಹಜ್ಯೋತಿ’ ಯೋಜನೆಯಲ್ಲಿ ಉಚಿತ ವಿದ್ಯುತ್ ಎಲ್ಲರಿಗೂ 200 ಯೂನಿಟ್ ಅಲ್ಲ. ನಿಮ್ಮ ಮನೆ 2022-23ರಲ್ಲಿ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇಕಡಾ 10, ಅಷ್ಟೇ. ತೀರ ಕಡಿಮೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಎಂದು ಆಮೇಲೆ ಮಾರ್ಪಾಡಾಯಿತು. ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು.

ಸರಾಸರಿ 80 ಯೂನಿಟ್ ಬಳಸುತ್ತಿದ್ದ ಮನೆಯನ್ನು ತೆಗೆದುಕೊಳ್ಳಿ. ಅದಕ್ಕೆ ಉಚಿತವಾಗಿ ದಕ್ಕುವುದು 88. ಆಟದ ಕಂಪ್ಯೂಟರ್ ಬಂದು ಬಳಕೆ 140 ಆದರೆ 52 ಯೂನಿಟ್‌ಗೆ ಹಣ. ಯೂನಿಟ್‌ಗೆ ಆರು ರೂಪಾಯಿ ಚಿಲ್ಲರೆಯಂತೆ ತಿಂಗಳಿಗೆ ಮುನ್ನೂರು ಚಿಲ್ಲರೆ ರೂಪಾಯಿ. ಸಹಿಸಬಹುದು. ಅದೇ ಸರಾಸರಿ 150 ಯೂನಿಟ್ ಇದ್ದ ದೊಡ್ಡ ಕುಟುಂಬವಾದರೆ? 150ಕ್ಕೆ 60 ಸೇರಿ 210. ಹತ್ತು ಯೂನಿಟ್ ಹೆಚ್ಚಾದದ್ದಕ್ಕೆ ಸೊನ್ನೆ ಇದ್ದ ಬಿಲ್ಲು 1,300 ರೂಪಾಯಿ ದಾಟುತ್ತದೆ! ವರ್ಷಪೂರ್ತಿ ಹೀಗಾದರೆ ಎರಡು ಕಾರ್ಡುಗಳ ನಡುವಿನ ಆ 15 ಸಾವಿರದ ಅಂತರ ಬಿಲ್ಲಿನಲ್ಲೇ ಕರಗಿಹೋಗುತ್ತದೆ. ಜೆಸ್ಕಾಂ ಬಿಲ್ಲಿನ ಹಾಳೆಯಲ್ಲಿ ನಿಮ್ಮ ಅರ್ಹ ಯೂನಿಟ್ ಎಷ್ಟು ಎಂದು ನೋಡಿ, ಅದರ ಪಕ್ಕ 60 ಎಂದು ಬರೆದು ಕೂಡಿಸಿ. ಪಟ್ಟಿಗಿಂತ ಮೊದಲು ಈ ಕೂಡುವ ಲೆಕ್ಕ.

ಉಪಾಯವೂ ಇಲ್ಲದಿಲ್ಲ. ಎರಡೂ ಕಂಪನಿಗಳ ತಂತ್ರಾಂಶದಲ್ಲಿ ಚಿತ್ರಗಳ ವೇಗಕ್ಕೆ ಮಿತಿ ಹಾಕಬಹುದು. ಕಾರ್ಡು ಎಳೆಯುವ ವಿದ್ಯುತ್ತಿಗೂ ಕಡಿವಾಣ ಹಾಕಬಹುದು. ವಿದ್ಯುತ್ತನ್ನು ಸ್ವಲ್ಪ ಕಡಿತ ಮಾಡಿದರೆ ವೇಗ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಇಳಿಯುತ್ತದೆ. ಆಟದಲ್ಲಿ ಗೊತ್ತೂ ಆಗುವುದಿಲ್ಲ. ಬಿಲ್ಲು ಕಟ್ಟುವವರು ಈ ಗುಂಡಿ ಎಲ್ಲಿದೆ ಎಂದು ಮಗನಿಂದಲೇ ಕೇಳಿ ತಿಳಿದುಕೊಳ್ಳುವುದು ಮೇಲು.

ಮೇ ತಿಂಗಳ ಪರೀಕ್ಷೆ

ಕಾರ್ಡುಗಳನ್ನು ಪರೀಕ್ಷಿಸಿ ಬರೆಯುವವರು ಕೂರುವುದು ಇಪ್ಪತ್ತೊಂದು-ಇಪ್ಪತ್ತೆರಡು ಡಿಗ್ರಿಯ ತಂಪು ಕೋಣೆಯಲ್ಲಿ. ಅಲ್ಲಿ 65 ಡಿಗ್ರಿಯಲ್ಲಿ ನಿಂತ ಕಾರ್ಡು, 38 ಡಿಗ್ರಿಯ ಕೋಣೆಯಲ್ಲಿ 80ರ ಸುತ್ತ ನಿಲ್ಲುತ್ತದೆ. ಸುತ್ತಲ ಗಾಳಿ ಎಷ್ಟು ಬಿಸಿಯೋ ಅಷ್ಟನ್ನೂ ಕಾರ್ಡು ತಲೆಯ ಮೇಲೆ ಹೊರಬೇಕು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿಲು ನಲವತ್ತು ದಾಟುವುದು ಮಾಮೂಲು. ತಗಡಿನ ಅಥವಾ ಆರ್‌ಸಿಸಿ ಮಾಳಿಗೆಯ ಕೆಳಗೆ ರಾತ್ರಿ ಹತ್ತಾದರೂ ಕಾವು ಇಳಿಯದು. ಸಾಲದ್ದಕ್ಕೆ ಕಂಪ್ಯೂಟರ್ ತಾನು ಎಳೆದ 450 ವ್ಯಾಟನ್ನೆಲ್ಲ ಕಡೆಗೆ ಶಾಖವಾಗಿಯೇ ಕೋಣೆಗೆ ಬಿಡುತ್ತದೆ. ಮೇ ತಿಂಗಳಲ್ಲಿ ಅರ್ಧ ರೂಮ್ ಹೀಟರ್ ಹಚ್ಚಿಟ್ಟಂತೆ.

9070 ಎಕ್ಸ್‌ಟಿಯ ಕೆಲವು ಮಾದರಿಗಳಲ್ಲಿ ತಂಪು ಕೋಣೆಯಲ್ಲೇ ಮೆಮೊರಿ ಚಿಪ್‌ಗಳು 90 ಡಿಗ್ರಿಯ ಸಮೀಪ ಹೋದದ್ದನ್ನು ಪರೀಕ್ಷಕರು ದಾಖಲಿಸಿದ್ದಾರೆ. ಚಿಪ್‌ಗಳ ಮಿತಿ ಅದಕ್ಕಿಂತ ಮೇಲಿದೆ, ಕೂಡಲೇ ಸುಟ್ಟುಹೋಗುವುದಿಲ್ಲ. ಆದರೆ ನಮ್ಮ ಬೇಸಿಗೆಗೆ ಉಳಿದ ಅಂಚು ತೆಳುವಾದದ್ದು. ಎರಡರಲ್ಲಿ ಯಾವುದನ್ನು ಕೊಂಡರೂ ಆ ಹೆಸರಿನ ಅತಿ ಅಗ್ಗದ, ಎರಡು ಫ್ಯಾನಿನ ಪುಟ್ಟ ಮಾದರಿಯನ್ನು ಬಿಟ್ಟು ಮೂರು ಫ್ಯಾನಿನ ದಪ್ಪ ಮಾದರಿಗೆ ಎರಡು ಮೂರು ಸಾವಿರ ಹೆಚ್ಚು ಕೊಡುವುದು ಈ ಸೀಮೆಯಲ್ಲಿ ದುಂದುಗಾರಿಕೆಯಲ್ಲ. ಬಣ್ಣಬಣ್ಣದ ದೀಪಗಳಿಗೆ ಕೊಡುವ ಹಣ ದುಂದು.

ಏರ್ ಕೂಲರಿನ ವಿಷಯ ವಿಶೇಷವಾಗಿ ಹೇಳಬೇಕು. ಕೂಲರಿನ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬೀಸುವಂತೆ ಇಡುವ ಆಸೆ ಸಹಜ. ಇಡಬೇಡಿ. ಅದು ತೇವದ ಗಾಳಿ. ಜತೆಗೆ ನಮ್ಮ ಕೊಳವೆ ಬಾವಿಗಳ ಗಡುಸು ನೀರಿನ ಸೂಕ್ಷ್ಮ ಹನಿಗಳು. ಅವು ಆರಿದಲ್ಲಿ ಬಿಳಿ ಉಪ್ಪು ಉಳಿಯುತ್ತದೆ. ಅದರ ಮೇಲೆ ಧೂಳು ಮೆತ್ತುತ್ತದೆ. ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿಗಳ ಸೀಮೆ ಇದು. ಎಳೆಯೂ ಹೊಟ್ಟೂ ಗಾಳಿಯಲ್ಲೇ ಇರುತ್ತವೆ. ಹತ್ತಿಯ ಎಳೆ ಕಾರ್ಡಿನ ಲೋಹದ ರೆಕ್ಕೆಗಳ ನಡುವೆ ಸಿಕ್ಕಿ ಕಂಬಳಿಯಂತೆ ಹೊದೆಯುತ್ತದೆ. ಮುಂಭಾಗದಲ್ಲಿ ಜಾಳಿಗೆಯ ಫಿಲ್ಟರ್ ಇರುವ ಕ್ಯಾಬಿನೆಟ್ ಕೊಂಡು, ಹದಿನೈದು ದಿನಕ್ಕೊಮ್ಮೆ ಅದನ್ನು ಝಾಡಿಸಿ, ಎರಡು ತಿಂಗಳಿಗೊಮ್ಮೆ ಒಳಗೆ ಗಾಳಿ ಹೊಡೆಯಬೇಕು. ಆಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು.

ಆಟ ಮತ್ತು ಪಾಠ

ಹುಡುಗರು ಪಾಲಕರನ್ನು ಒಪ್ಪಿಸಲು ಬಳಸುವ ದೊಡ್ಡ ಅಸ್ತ್ರ ‘ಇದು ಓದಿಗೂ ಬೇಕು’ ಎಂಬುದು. ಇದರಲ್ಲಿ ಎಷ್ಟು ನಿಜ?

ಅರ್ಧ ನಿಜ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಜೆಫ್ರಿ ಹಿಂಟನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಜಗತ್ತನ್ನು ಬೆರಗುಗೊಳಿಸಿದರು. ಅವರ ‘ಅಲೆಕ್ಸ್‌ನೆಟ್’ ತರಬೇತಾದದ್ದು ಯಾವ ಮಹಾ ಗಣಕದಲ್ಲೂ ಅಲ್ಲ. ಆಟದವರು ಕೊಳ್ಳುತ್ತಿದ್ದ ಜಿಟಿಎಕ್ಸ್ 580 ಎಂಬ ಎರಡು ಕಾರ್ಡುಗಳಲ್ಲಿ. ಒಂದೊಂದರಲ್ಲಿ ಇದ್ದದ್ದು ಬರೀ 3 ಜಿಬಿ ಮೆಮೊರಿ. ಇಂದಿನ ಕೃತಕ ಬುದ್ಧಿಮತ್ತೆಯ ಮಹಾಪೂರ ಅಲ್ಲಿಂದ ಹರಿಯಿತು. ಹಿಂಟನ್ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು. ಆಟದ ಕಾರ್ಡಿನಿಂದ ಪಾಠವೂ ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅದು ಸಾಧ್ಯವಾದದ್ದು ಎನ್‌ವಿಡಿಯಾ 2007ರಲ್ಲಿ ಹೊರತಂದ ‘ಕೂಡಾ’ ಎಂಬ ತಂತ್ರಾಂಶ ವ್ಯವಸ್ಥೆಯಿಂದ. ಅಂದಿನಿಂದ ಈ ಕ್ಷೇತ್ರದ ಪಾಠ, ಪ್ರಯೋಗ, ಪುಸ್ತಕ ಎಲ್ಲವೂ ಕೂಡಾ ಇದೆ ಎಂಬ ನಂಬಿಕೆಯ ಮೇಲೆಯೇ ಬೆಳೆದಿವೆ. ಎಎಂಡಿಯ ‘ರಾಕ್ಎಂ’ ಎಂಬ ಪರ್ಯಾಯ ಇದೆ. 9070 ಸರಣಿಗೆ ಅದರ ಅಧಿಕೃತ ಬೆಂಬಲ ಸಿಕ್ಕಿದ್ದು ಕಾರ್ಡು ಬಂದ ಎರಡು ತಿಂಗಳ ನಂತರ, 2025ರ ಮೇ ತಿಂಗಳಲ್ಲಿ, ಅದೂ ಮೊದಲಿಗೆ ಲಿನಕ್ಸ್‌ನಲ್ಲಿ. ಪಳಗಿದ ಕೈ ಅದರಲ್ಲೂ ಕೆಲಸ ತೆಗೆಯುತ್ತದೆ. ಆದರೆ ಆಗತಾನೆ ಕಲಿಯುವ ಹುಡುಗಿ ಪಾಠಕ್ಕಿಂತ ಹೆಚ್ಚು ಹೊತ್ತು ತಂತ್ರಾಂಶ ಹೊಂದಿಸುವುದರಲ್ಲೇ ಕಳೆದರೆ ಉಳಿಸಿದ 15 ಸಾವಿರಕ್ಕೆ ಏನು ಬೆಲೆ? ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್‌ನಲ್ಲೂ ಎನ್‌ವಿಡಿಯಾದ್ದೇ ಮೇಲುಗೈ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ ನಮ್ಮದು, 2012ರಲ್ಲಿ. ಆ ದಾರಿ ಹಿಡಿಯುವ ಮನಸ್ಸಿದ್ದವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಬರೀ ಆಟಕ್ಕಾದರೆ 9070 ಎಕ್ಸ್‌ಟಿ. ಉಳಿದ ಹಣ ಯುಪಿಎಸ್ಸಿಗೂ ಅರ್ಥಿಂಗಿಗೂ. ಎಂಜಿನಿಯರಿಂಗಿನಲ್ಲಿ ಕೃತಕ ಬುದ್ಧಿಮತ್ತೆಯನ್ನೋ ಅನಿಮೇಷನನ್ನೋ ನಿಜಕ್ಕೂ ಓದುತ್ತಿರುವವರಿಗೆ 5070 ಟಿಐ. ‘ಮುಂದೆ ಓದಬಹುದು’ ಎನ್ನುವವರಿಗೆ ಎರಡೂ ಅಲ್ಲ. ಏಕೆಂದರೆ ಓದುವ ಆಸಕ್ತಿ ಇದೆಯೇ ಎಂದು ಪರೀಕ್ಷಿಸಲು ಹತ್ತು ಕ್ವಿಂಟಲ್ ಹತ್ತಿ ಮಾರಬೇಕಿಲ್ಲ. ಗೂಗಲ್‌ನ ಕೊಲ್ಯಾಬ್ ಒಂದು ಮಿತಿಯೊಳಗೆ ತನ್ನ ಕಾರ್ಡುಗಳನ್ನು ಪುಕ್ಕಟೆ ಬಳಸಲು ಬಿಡುತ್ತದೆ. ಕ್ಯಾಗಲ್ ವಾರಕ್ಕೆ ಸುಮಾರು 30 ಗಂಟೆ ಕೊಡುತ್ತದೆ. ಸಾಧಾರಣ ಲ್ಯಾಪ್‌ಟಾಪ್, ಮೊಬೈಲಿನ ಇಂಟರ್‌ನೆಟ್ ಸಾಕು. ಆರು ತಿಂಗಳು ಆ ಪುಕ್ಕಟೆ ಗಂಟೆಗಳನ್ನು ಪೂರ್ತಿ ಬಳಸಿ ತೋರಿಸಿದ ಮಗಳು ಕಾರ್ಡು ಕೇಳಿದರೆ ಇಲ್ಲ ಎನ್ನುವುದು ಕಷ್ಟ.

ಹಾಸ್ಟೆಲಿನ ಪ್ರಶ್ನೆಯನ್ನು ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಪಿಯುಸಿ ಮುಗಿದ ಮೇಲೆ ಮಕ್ಕಳು ಊರಲ್ಲಿ ಉಳಿಯುತ್ತಾರೆಯೇ? ರಾಯಚೂರಿನಲ್ಲೇ 2019ರಿಂದ ಐಐಐಟಿ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಕಲಬುರಗಿ, ಬೆಂಗಳೂರು, ಹೈದರಾಬಾದಿಗೆ ಹೋಗುವವರೂ ಬಹಳ. ಹಾಸ್ಟೆಲಿಗೆ 750 ವ್ಯಾಟಿನ ಡೆಸ್ಕ್‌ಟಾಪ್ ಒಯ್ಯಲು ವಾರ್ಡನ್ ಒಪ್ಪುವುದು ಅನುಮಾನ. ಕಂಪ್ಯೂಟರ್ ಊರಲ್ಲಿ, ಹುಡುಗ ಪರಊರಲ್ಲಿ. ರಜೆಗೆ ಬಂದಾಗ ಮಾತ್ರ ಭೇಟಿ. ಸಿಇಟಿ ಸೀಟು ಯಾವ ಊರಿಗೆ ಎಂದು ಗೊತ್ತಾಗುವವರೆಗೆ ತಡೆಯುವುದರಲ್ಲಿ ನಷ್ಟವೇನೂ ಇಲ್ಲ.

ಕೊಳ್ಳುವಾಗ

ರಾಯಚೂರಿಗೆ ಬೆಂಗಳೂರು 400ಕ್ಕೂ ಹೆಚ್ಚು ಕಿಲೋಮೀಟರ್. ಹೈದರಾಬಾದು ಅದರ ಅರ್ಧದಷ್ಟು. ಬೆಂಗಳೂರಿನ ಎಸ್.ಪಿ. ರಸ್ತೆಯ ಹಾಗೆ ಅಲ್ಲಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇದೆ. ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ಎಲ್ಲಿ ಕೊಂಡರೂ ಜಿಎಸ್‌ಟಿ ರಸೀದಿಯಲ್ಲಿ ಕಾರ್ಡಿನ ಕ್ರಮಸಂಖ್ಯೆ ಬರೆಸಿಕೊಳ್ಳಬೇಕು. ವಾರಂಟಿ ಸಾಮಾನ್ಯವಾಗಿ ಮೂರು ವರ್ಷ. ಅದನ್ನು ನಿಭಾಯಿಸುವುದು ಎನ್‌ವಿಡಿಯಾ ಅಥವಾ ಎಎಂಡಿ ಅಲ್ಲ, ಕಾರ್ಡು ಜೋಡಿಸಿದ ಕಂಪನಿ. ಅದರ ಸೇವಾ ಕೇಂದ್ರ ಹೈದರಾಬಾದಿನಲ್ಲಿ ಇದೆಯೇ ಎಂದು ಮೊದಲೇ ಕೇಳಿ. ಒಂದೇ ಬೆಲೆಯ ಎರಡು ಮಾದರಿಗಳಲ್ಲಿ ಯಾವುದು ಎಂಬ ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಅರ್ಧ ಬೆಲೆಗೆ ಸಿಗುವ ಹಳೆಯ ಕಾರ್ಡುಗಳ ಆಮಿಷ ಇರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ಕಾರ್ಡುಗಳ ಅಗತ್ಯ ಇಲ್ಲವಾದ ಮೇಲೆ, ಹಗಲಿರುಳು ದುಡಿದು ಸವೆದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವುಗಳ ಮುಖ ನೋಡಿ ಇತಿಹಾಸ ಹೇಳಲು ಬರುವುದಿಲ್ಲ. ವಾರಂಟಿ ಉಳಿದಿರುವ, ರಸೀದಿ ಇರುವ ಕಾರ್ಡು ಮಾತ್ರ ಸರಿ.

ಅಂಗಡಿಯವರೇ ಜೋಡಿಸಿಕೊಟ್ಟ ಕಂಪ್ಯೂಟರನ್ನು ಬಸ್ಸಿನಲ್ಲಿ ತರುವುದಾದರೆ ಕಾರ್ಡನ್ನು ಬಿಚ್ಚಿಸಿ ಅದರ ಸ್ವಂತ ಪೆಟ್ಟಿಗೆಯಲ್ಲಿ ಬೇರೆಯಾಗಿ ತನ್ನಿ. ಕಿಲೋಗೂ ಮೀರಿದ ಭಾರದ ಕಾರ್ಡು ದಾರಿಯ ತಗ್ಗುದಿಣ್ಣೆಗಳಲ್ಲಿ ತೂಗಾಡಿ ಮದರ್‌ಬೋರ್ಡಿನ ಕಿಂಡಿಯನ್ನೇ ಕಿತ್ತುಬಿಡಬಲ್ಲದು. ಮನೆಯಲ್ಲಿ ಮತ್ತೆ ಕೂರಿಸುವಾಗ ವಿದ್ಯುತ್ ಜೋಡಣೆ ಪೂರ್ತಿ ಒಳಹೋಗಿದೆಯೇ ನೋಡಬೇಕು. 9070 ಎಕ್ಸ್‌ಟಿಯ ಹೆಚ್ಚಿನ ಮಾದರಿಗಳಲ್ಲಿ ಹಳೆಯ ಎಂಟು ಸೂಜಿಯ ಜೋಡಣೆಗಳಿವೆ. 5070 ಟಿಐಯಲ್ಲಿ ಇರುವುದು ಹದಿನಾರು ಸೂಜಿಯ ಪುಟ್ಟ ಜೋಡಣೆ. 2022ರಲ್ಲಿ ಇದರ ಹಿಂದಿನ ರೂಪ 4090 ಕಾರ್ಡುಗಳಲ್ಲಿ ಕರಗಿ ಸುದ್ದಿಯಾಗಿತ್ತು. ಇದರ ಹೊರೆ ಅದಕ್ಕಿಂತ ಬಹಳ ಕಡಿಮೆ, ಭಯ ಬೇಡ. ಆದರೆ ಅಂಚಿನವರೆಗೆ ಒತ್ತಿ ಕೂರಿಸಬೇಕು.

ಮೊದಲ ವಾರ ‘ಜಿಪಿಯು-ಝಡ್’ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಕಾರ್ಡಿನ ಜಾತಕ ನೋಡಿ. 5070 ಟಿಐಯಲ್ಲಿ ‘ಆರ್‌ಒಪಿ’ ಎಂಬಲ್ಲಿ 96 ಎಂದು ಇರಬೇಕು. 2025ರ ಫೆಬ್ರುವರಿಯಲ್ಲಿ ಕೆಲವು ಕಾರ್ಡುಗಳಲ್ಲಿ ಅದು 88 ಮಾತ್ರ ಇದ್ದದ್ದು ಪತ್ತೆಯಾಗಿ, ತಯಾರಿಕೆಯ ದೋಷವೆಂದು ಎನ್‌ವಿಡಿಯಾ ಒಪ್ಪಿಕೊಂಡಿತ್ತು. ಅಂಥ ಕಾರ್ಡುಗಳನ್ನು ಬದಲಾಯಿಸಿಕೊಡಲಾಗುವುದು ಎಂದಿತ್ತು. ಅಂಥವು ಅರ್ಧ ಶೇಕಡಾ ಮಾತ್ರ ಎಂಬುದು ಕಂಪನಿಯ ಹೇಳಿಕೆ. ಸಂಖ್ಯೆ ಸರಿಯಿದ್ದರೆ, ಮಧ್ಯಾಹ್ನ ಎರಡು ಗಂಟೆಯ ಸೆಕೆಯಲ್ಲಿ ಒಂದು ತಾಸು ಆಟ ಆಡಿಸಿ ತಾಪಮಾನ ಬರೆದಿಟ್ಟುಕೊಳ್ಳಿ. ರಸೀದಿ, ಪೆಟ್ಟಿಗೆ, ಆ ಚೀಟಿ ಮೂರನ್ನೂ ಮೂರು ವರ್ಷ ಜೋಪಾನವಾಗಿ ಇಡಿ.